ಹೊಸೂರಿನ ಲೆಕ್ಕ ಯಾವ ಭಾಷೆಯಲ್ಲಿದೆ?

ಇಂದಿನ ಕನ್ನಡದಲ್ಲಿ ‘ಕಡತ’ ಎಂದರೆ ಕಚೇರಿಯ ಫೈಲು. ಹಿಂದೆ ಅದು ಲೆಕ್ಕದ ಪುಸ್ತಕವಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯ ವ್ಯಾಪಾರಿ, ದೇವಸ್ಥಾನದ ಪಾರುಪತ್ಯಗಾರ, ಊರ ಶಾನುಭೋಗ, ಎಲ್ಲರ ಲೆಕ್ಕವೂ ಕಡತದಲ್ಲಿ ಕುಳಿತಿರುತ್ತಿತ್ತು. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದೆಂಬುದು ಅದರ ಅನುಕೂಲ. ಅದೇ ಅದರ ಅಪಾಯವೂ ಹೌದು. ಮುಂದೆ ಮರಾಠರ ಆಡಳಿತದೊಡನೆ ಜಮಾ, ಖರ್ಚು, ಕೀರ್ದಿ, ಖತಾವಣಿ, ರೋಕಡ, ದಫ್ತರ, ಕಾರಕೂನ ಮುಂತಾದ ಮಾತುಗಳು ಕನ್ನಡದ ಕಚೇರಿಗೆ ಬಂದು ನೆಲೆಸಿದವು. ಅವುಗಳ ಹಿಂದೆ ಪಾರಸಿ, ಅರಬ್ಬಿಗಳ ನೆರಳಿದೆ. ಈ ಶಬ್ದಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ: ಇವೆಲ್ಲವೂ ಲೆಕ್ಕ ಬರೆಯುವವನ ಮಾತುಗಳು. ಲೆಕ್ಕ ಕೇಳುವವನ ಪಾಲಿಗೆ ಕನ್ನಡದಲ್ಲಿ ಉಳಿದಿರುವುದು ‘ಲೆಕ್ಕ ಒಪ್ಪಿಸು’ ಎಂಬ ಒಂದೇ ಹಳೆಯ ನುಡಿಗಟ್ಟು.

ಆ ನುಡಿಗಟ್ಟನ್ನು ಹೊಸೂರಿನ ಕನ್ನಡಿಗನೊಬ್ಬ ತನ್ನ ನಗರದ ಆಡಳಿತದ ಮುಂದೆ ಬಳಸಬಯಸಿದರೆ ಯಾವ ಭಾಷೆಯಲ್ಲಿ ಬಳಸಬೇಕು? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ನಗರದ ಹಣದ ಮೇಲೆ ನಾಗರಿಕರ ಕಣ್ಣು ಇರಬೇಕೆಂಬ ದೊಡ್ಡ ಮಾತು ಗಡಿನಾಡಿನಲ್ಲಿ ಮೊದಲು ಎಡವುವುದು ಈ ಚಿಕ್ಕ ಕಲ್ಲಿಗೇ.

ಹೊಸೂರು 2019ರ ಫೆಬ್ರವರಿಯಲ್ಲಿ ಮಹಾನಗರ ಪಾಲಿಕೆಯಾಯಿತು. ಆಗ ಅದಕ್ಕೆ ಚುನಾಯಿತ ಪರಿಷತ್ತೇ ಇರಲಿಲ್ಲವೆಂಬುದನ್ನು ಹಲವರು ಮರೆತಿದ್ದಾರೆ. ತಮಿಳುನಾಡಿನ ನಗರ ಸ್ಥಳೀಯ ಸಂಸ್ಥೆಗಳ ಅವಧಿ 2016ರ ಅಕ್ಟೋಬರಿನಲ್ಲಿ ಮುಗಿದಿತ್ತು; ಮುಂದಿನ ಚುನಾವಣೆ ನಡೆದದ್ದು 2022ರ ಫೆಬ್ರವರಿ 19ರಂದು. ನಡುವಿನ ಐದು ವರ್ಷಕ್ಕೂ ಮೀರಿದ ಕಾಲ ವಿಶೇಷ ಅಧಿಕಾರಿಗಳ ಕಾಲ. ಪುರಸಭೆ ಪಾಲಿಕೆಯಾದದ್ದು, ಹುದ್ದೆಗಳು ದೊಡ್ಡವಾದದ್ದು, ಆಯವ್ಯಯ ಹಿಗ್ಗಿದ್ದು, ಇವು ಜನಪ್ರತಿನಿಧಿಯೊಬ್ಬನೂ ‘ಏಕೆ’ ಎಂದು ಕೇಳಲು ಸಭೆಯಲ್ಲಿ ಇಲ್ಲದಿದ್ದ ದಿನಗಳಲ್ಲಿ. ಈಗ 45 ವಾರ್ಡುಗಳಿಗೆ 45 ಸದಸ್ಯರಿದ್ದಾರೆ. ಹೊಸ ಪರಿಷತ್ತು ಕುಳಿತ ಕೆಲವೇ ವಾರಗಳಲ್ಲಿ ರಾಜ್ಯದಾದ್ಯಂತ ಆಸ್ತಿ ತೆರಿಗೆ ಏರಿತು. ಹೊಸೂರಿನಂಥ ಪಾಲಿಕೆಗಳಲ್ಲಿ ಮನೆಯ ಅಳತೆಗೆ ತಕ್ಕಂತೆ ಏರಿಕೆ 25ರಿಂದ 100 ಪ್ರತಿಶತ. ಕೊಡುವ ಕೈ ಭಾರವಾದಾಗ ಕೇಳುವ ಬಾಯಿ ತೆರೆಯಬೇಕಾದದ್ದು ಸಹಜ.

ಪಾಲಿಕೆಯಾಗುವ ಮೊದಲೇ ಹೊಸೂರು ತನ್ನ ಅಕ್ಕಪಕ್ಕದ ಜೂಜುವಾಡಿ, ಆವಲಪಲ್ಲಿ ಮುಂತಾದ ಹಳ್ಳಿಗಳನ್ನು ಒಳಗೆ ಸೇರಿಸಿಕೊಂಡಿತ್ತು. ಈ ಊರುಗಳಿಗೆ ನಗರದ ಬೀದಿದೀಪ ಬಂದಿತು, ನಗರದ ತೆರಿಗೆಯೂ ಬಂದಿತು. ಹೋದದ್ದು ಗ್ರಾಮಸಭೆ. ಸಂವಿಧಾನದ 73ನೆಯ ತಿದ್ದುಪಡಿ ಹಳ್ಳಿಯ ಪ್ರತಿಯೊಬ್ಬ ಮತದಾರನನ್ನೂ ಗ್ರಾಮಸಭೆಯ ಸದಸ್ಯನನ್ನಾಗಿ ಮಾಡಿದೆ. ಪಂಚಾಯಿತಿಯ ಜಮಾಖರ್ಚು ಅಲ್ಲಿ ಬರಬೇಕು. ಕೂಲಿ ಹೆಣ್ಣುಮಗಳೂ ಎದ್ದು ನಿಂತು ಕೇಳಬಹುದು. ಅದರ ಜೊತೆಯಲ್ಲಿಯೇ ಬಂದ 74ನೆಯ ತಿದ್ದುಪಡಿ ನಗರದವನಿಗೆ ಅಂಥ ಸಭೆಯನ್ನು ಕೊಡಲಿಲ್ಲ. ಮೂರು ಲಕ್ಷ ಜನಸಂಖ್ಯೆ ಮುಟ್ಟಿದ ಕಡೆ ವಾರ್ಡು ಸಮಿತಿ ಇರಲಿ ಎಂದಷ್ಟೇ ಹೇಳಿ ಸುಮ್ಮನಾಯಿತು. ಹಳ್ಳಿ ನಗರವಾದರೆ ಅದು ಮೇಲೇರಿತೆಂದು ಎಲ್ಲರೂ ಭಾವಿಸುತ್ತಾರೆ. ಲೆಕ್ಕ ಕೇಳುವ ವಿಷಯದಲ್ಲಿ ಅದು ಒಂದು ಮೆಟ್ಟಿಲು ಕೆಳಗಿಳಿದಂತೆ.

ಈ ಕೊರತೆಯನ್ನು ತುಂಬಲು ತಮಿಳುನಾಡು ಸರ್ಕಾರ 2022ರಲ್ಲಿ ವಾರ್ಡು ಸಮಿತಿ ಮತ್ತು ಪ್ರದೇಶ ಸಭೆಗಳ ನಿಯಮಗಳನ್ನು ತಂದಿತು. ತಮಿಳಿನಲ್ಲಿ ‘ಪಗುದಿ ಸಬೈ’ ಎನ್ನುತ್ತಾರೆ. ವಾರ್ಡನ್ನು ಕೆಲವು ಪ್ರದೇಶಗಳಾಗಿ ವಿಂಗಡಿಸಿ, ಆಯಾ ಪ್ರದೇಶದ ಮತದಾರರು ವರ್ಷಕ್ಕೆ ನಾಲ್ಕು ಸಲ, ಜನವರಿ 26, ಏಪ್ರಿಲ್ 14, ಸೆಪ್ಟೆಂಬರ್ 15, ಡಿಸೆಂಬರ್ 10ರಂದು, ಸೇರಬೇಕೆಂಬುದು ಏರ್ಪಾಡು. ರಾಜ್ಯದಲ್ಲಿ ಇಂಥ ಸಭೆಗಳು ಮೊದಲು ಕೂಡಿದ್ದು 2022ರ ನವೆಂಬರ್ 1ರಂದು, ಸ್ಥಳೀಯಾಡಳಿತ ದಿನದ ನೆಪದಲ್ಲಿ. ಮುಖ್ಯಮಂತ್ರಿಗಳು ತಾಂಬರಂ ಪಾಲಿಕೆಯ ಪಮ್ಮಲ್‌ನಲ್ಲಿ ಭಾಗವಹಿಸಿದರು. ಅತ್ತಿಬೆಲೆಯಾಚೆ ರಾಜ್ಯೋತ್ಸವದ ಬಾವುಟ ಹಾರುತ್ತಿದ್ದ ದಿನವೇ ಅದು. ಗಡಿಯ ಕನ್ನಡಿಗ ಆ ದಿನ ಬಾವುಟದ ಕಡೆಗೆ ನೋಡುವುದು ರೂಢಿ. ಸಭೆಯ ಕಡೆಗೂ ನೋಡಬಹುದಾಗಿತ್ತು. ನಿಯಮಗಳಲ್ಲಿ ದೋಷವಿಲ್ಲವೆಂದಲ್ಲ. ವಾರ್ಡು ಸಮಿತಿಗೆ ಸದಸ್ಯರನ್ನು ಆರಿಸುವವರು ಆ ಪ್ರದೇಶದ ಜನರಲ್ಲ. ಅವರನ್ನು ಪರಿಷತ್ತೇ ನಾಮಕರಣ ಮಾಡುತ್ತದೆ. ಅಧ್ಯಕ್ಷತೆ ವಾರ್ಡಿನ ಸದಸ್ಯರದೇ. ಲೆಕ್ಕ ಕೊಡಬೇಕಾದವರು ಲೆಕ್ಕ ಕೇಳುವವರನ್ನು ಆಯ್ದುಕೊಳ್ಳುವ ಏರ್ಪಾಡಿನಲ್ಲಿ ಪ್ರಶ್ನೆಗಳು ಮೃದುವಾಗುವುದು ಆಶ್ಚರ್ಯವಲ್ಲ.

ಇದೇ ತಮಿಳು ನೆಲದಲ್ಲಿ, ಕಾಂಚೀಪುರದ ಬಳಿಯ ಉತ್ತಿರಮೇರೂರಿನಲ್ಲಿ, ಮೊದಲನೆಯ ಪರಾಂತಕ ಚೋಳನ ಕಾಲದ ಶಾಸನಗಳಿವೆ. 919 ಮತ್ತು 921ರ ಆ ಬರಹಗಳು ಊರಿನ ವಾರಿಯಗಳಿಗೆ, ಎಂದರೆ ಸಮಿತಿಗಳಿಗೆ, ಕೊಡದಲ್ಲಿ ಓಲೆ ಹಾಕಿ ಸದಸ್ಯರನ್ನು ಆರಿಸುವ ಕ್ರಮವನ್ನು ಹೇಳುತ್ತವೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಕೊಡಕ್ಕೆ ಹಾಕಕೂಡದು. ಅವನ ಹತ್ತಿರದ ಬಂಧುಗಳ ಹೆಸರನ್ನೂ ಹಾಕಕೂಡದು. ಅದು ಭೂಮಿಯುಳ್ಳ ಬ್ರಾಹ್ಮಣರ ಸಭೆ, ಊರಿನ ಉಳಿದವರಿಗೆ ಅಲ್ಲಿ ಮಾತಿರಲಿಲ್ಲ ಎಂಬುದನ್ನು ಮರೆತು ಅದನ್ನು ಕೊಂಡಾಡಬೇಕಾಗಿಲ್ಲ. ಆದರೂ ಲೆಕ್ಕ ಕೊಡದವನ ಬಂಧುವನ್ನು ಕೂಡ ಹೊರಗಿಟ್ಟ ಆ ಕಟ್ಟುನಿಟ್ಟು ಇಂದಿನ ಯಾವ ಚುನಾವಣಾ ಕಾನೂನಿನಲ್ಲಿಯೂ ಇಲ್ಲ.

ಕನ್ನಡದ ಕಡೆಗೆ ಬಂದರೆ ಭಂಡಾರಿ ಬಸವಣ್ಣನ ಪ್ರಸಂಗ ನೆನಪಾಗುತ್ತದೆ. ಬಿಜ್ಜಳನ ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ದೂರು ಬಂದಾಗ ಬಸವಣ್ಣ ಲೆಕ್ಕಕ್ಕೆ ಅಂಜಲಿಲ್ಲ. ತೆರೆಸಿ ನೋಡಿದರೆ ಹಣ ಎಳ್ಳಷ್ಟೂ ಕಡಿಮೆಯಿರಲಿಲ್ಲ ಎಂದು ಬಸವಪುರಾಣಗಳು ಹೇಳುತ್ತವೆ. ಪುರಾಣಕಾರರು ಇಲ್ಲಿ ಪವಾಡವನ್ನು ಕಂಡರು. ತರಗತಿಯಲ್ಲಿ ಆ ಪವಾಡದ ಕಡೆಗೇ ಗಮನ ಹೋಗಿ, ಅದಕ್ಕೂ ಮೊದಲಿನ ಕ್ಷಣ ಮರೆತುಹೋಗುತ್ತದೆ: ದೂರು ಬಂದೊಡನೆ ಬೊಕ್ಕಸದ ಬಾಗಿಲು ತೆರೆಯಿತು, ಎಣಿಸಲು ಅವಕಾಶವಾಯಿತು. ಇಂದಿನ ನಾಗರಿಕನಿಗೆ ಪವಾಡ ಬೇಕಾಗಿಲ್ಲ, ಬಾಗಿಲು ತೆರೆದರೆ ಸಾಕು.

ಬಾಗಿಲು ತೆರೆಯುವ ಕೀಲಿಕೈ 2005ರ ಮಾಹಿತಿ ಹಕ್ಕು ಕಾಯ್ದೆ. ರಾಜಸ್ಥಾನದ ಕೋಟಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿಯ ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದಾಗ ಈ ಕಾಯ್ದೆಯ ಬೀಜ ಬಿತ್ತು. ಅಲ್ಲಿ ಕೆಲಸ ಮಾಡಿದ್ದು ಕಾಗದಕ್ಕಿಂತ ಹೆಚ್ಚಾಗಿ ‘ಗಟ್ಟಿಯಾಗಿ ಓದಿದ್ದು’: ಅಕ್ಷರ ಬಾರದವರ ಕಿವಿಗೆ, ಅವರ ಆಡುನುಡಿಯಲ್ಲಿ ಲೆಕ್ಕ ಬಿದ್ದದ್ದು. ತಮಿಳುನಾಡು ತನ್ನದೇ ಮಾಹಿತಿ ಕಾನೂನನ್ನು 1997ರಲ್ಲಿಯೇ ಮಾಡಿತ್ತು. ಕರ್ನಾಟಕ 2000ದಲ್ಲಿ ಮಾಡಿತು. ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 2002ರಿಂದ ‘ಪ್ರೂಫ್’ ಎಂಬ ನಾಗರಿಕ ಅಭಿಯಾನ ಮಹಾನಗರ ಪಾಲಿಕೆಯ ತ್ರೈಮಾಸಿಕ ಲೆಕ್ಕಗಳನ್ನು ಬಹಿರಂಗ ಚರ್ಚೆಗೆ ತಂದದ್ದೂ ಉಂಟು.

ಕೇಂದ್ರ ಕಾಯ್ದೆಯ 4(1)(ಬಿ) ವಿಧಿಯು ಯಾರೂ ಕೇಳದೆಯೇ ಕಚೇರಿ ತಾನಾಗಿ ಪ್ರಕಟಿಸಬೇಕಾದ ಸಂಗತಿಗಳನ್ನು ಹೇಳುತ್ತದೆ. ಅದರ ಹತ್ತನೆಯ ಅಂಶ ಪ್ರತಿಯೊಬ್ಬ ಅಧಿಕಾರಿ ಮತ್ತು ನೌಕರನ ಮಾಸಿಕ ಸಂಬಳ. ಹನ್ನೊಂದನೆಯದು ಆಯವ್ಯಯ, ಯೋಜಿತ ವೆಚ್ಚ, ಹಣ ಬಟವಾಡೆಯ ವರದಿ. ಸಂಬಳದ ವಿಷಯ ಬಂದಾಗ ಕೆಲವರು ಮುಖ ಸಿಂಡರಿಸುತ್ತಾರೆ: ಒಬ್ಬನ ಸಂಬಳ ಕೇಳುವುದು ಸಭ್ಯತೆಯೇ? ಮನೆಗೆ ಬಂದ ನೆಂಟನನ್ನು ಕೇಳುವುದು ಸಭ್ಯತೆಯಲ್ಲ, ನಿಜ. ಮನೆಯ ಖರ್ಚಿನಿಂದ ಸಂಬಳ ಪಡೆಯುವವನ ವಿಷಯ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ವಿಧಿಯನ್ನು ಬದಲಿಸಿ, ‘ವೈಯಕ್ತಿಕ ಮಾಹಿತಿ’ ಎಂಬ ಬೇಲಿಯನ್ನು ಎತ್ತರಿಸಿದೆ. ಅದು ಸರಿಯಾದ ಹೆಜ್ಜೆಯಲ್ಲ. ಆದರೆ ಸಂಬಳವನ್ನು ಪ್ರಕಟಿಸಬೇಕೆಂಬ 4ನೆಯ ವಿಧಿಯನ್ನು ಅದು ಮುಟ್ಟಿಲ್ಲ.

ಚುನಾಯಿತರ ಗೌರವಧನ ಗುಟ್ಟಿನ ಸಂಗತಿಯಲ್ಲ: 2023ರ ಜುಲೈಯಿಂದ ತಮಿಳುನಾಡಿನಲ್ಲಿ ಮೇಯರಿಗೆ ತಿಂಗಳಿಗೆ 30,000, ಉಪಮೇಯರಿಗೆ 15,000, ಪಾಲಿಕೆ ಸದಸ್ಯರಿಗೆ 10,000 ರೂಪಾಯಿ. ಇದು ದುಬಾರಿಯೆಂದು ಯಾರೂ ಹೇಳಲಾರರು. ಇಡೀ ದಿನ ವಾರ್ಡಿನಲ್ಲಿ ಓಡಾಡುವ ಪ್ರಾಮಾಣಿಕ ಸದಸ್ಯನಿಗೆ ಇದು ಕಡಿಮೆಯೇ. ಸಂಬಳದ ಪಟ್ಟಿಯನ್ನು ನೋಡುವವರ ಕಣ್ಣು ಯಾವಾಗಲೂ ಮೇಲಿನ ಸಾಲಿಗೆ ಹೋಗುತ್ತದೆ. ನೋಡಬೇಕಾದದ್ದು ಕೆಳಗಿನ ಸಾಲು. ಅಲ್ಲಿ ಇರಬೇಕಾದವರು ಹಲವೆಡೆ ಪಟ್ಟಿಯಲ್ಲಿಯೇ ಇರುವುದಿಲ್ಲ. ಬೆಳಗಿನ ಜಾವ ಬೀದಿ ಗುಡಿಸುವವರು ಗುತ್ತಿಗೆದಾರನ ಕೆಲಸದವರಾದರೆ ಅವರು ಪಾಲಿಕೆಯ ‘ನೌಕರರು’ ಅಲ್ಲ. ಅವರ ಕೂಲಿ ‘ಸಂಬಳ’ದ ಅಂಕಣದಲ್ಲಿ ಬರದೆ ‘ವೆಚ್ಚ’ದ ಅಂಕಣದಲ್ಲಿ ಒಂದೇ ಮೊತ್ತವಾಗಿ ಅಡಗಿರುತ್ತದೆ. ಒಬ್ಬ ಕೆಲಸಗಾರಳ ಹೆಸರಿನಲ್ಲಿ ಪಾಲಿಕೆ ಎಷ್ಟು ಕೊಟ್ಟಿತು, ಅವಳ ಕೈಗೆ ಎಷ್ಟು ತಲುಪಿತು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಮೇಲುಸ್ತುವಾರಿಯ ಮೊದಲ ಪಾಠವಾಗಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಕೂಲಿ ಬಟವಾಡೆಯ ವೇಳೆ ಮೂಲ ಮಾಲೀಕನ ಪ್ರತಿನಿಧಿಯೊಬ್ಬ ಎದುರಿಗಿರಬೇಕೆಂದು ಹೇಳಿದ್ದು ಇದೇ ಅನುಮಾನದಿಂದ.

ಮೇಲಿನ ಸಾಲನ್ನು ಯಾರೂ ನೋಡದಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ಊರು ಸಾಕ್ಷಿ. ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಬೆಲ್ 40,000ಕ್ಕಿಂತ ಕಡಿಮೆ ಜನರಿರುವ ನಗರ. ಬಹುಪಾಲು ಜನ ಸ್ಪ್ಯಾನಿಷ್ ಮನೆಮಾತಿನ ದುಡಿಯುವವರು. 2010ರ ಜುಲೈಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಅಲ್ಲಿಯ ನಗರ ವ್ಯವಸ್ಥಾಪಕ ರಾಬರ್ಟ್ ರಿಜೊ ವರ್ಷಕ್ಕೆ 8 ಲಕ್ಷ ಡಾಲರಿನಷ್ಟು ಸಂಬಳ ಎಣಿಸಿಕೊಳ್ಳುತ್ತಿದ್ದುದನ್ನು ಬಯಲಿಗೆ ತಂದಿತು. ಅಂದಿನ ಅಮೆರಿಕದ ಅಧ್ಯಕ್ಷರ ಸಂಬಳ 4 ಲಕ್ಷ ಡಾಲರ್. ಪರಿಷತ್ತಿನ ಸದಸ್ಯರ ಸಂಬಳಕ್ಕೆ ರಾಜ್ಯ ಕಾನೂನು ಹಾಕಿದ್ದ ಮಿತಿಯಿಂದ ತಪ್ಪಿಸಿಕೊಳ್ಳಲು 2005ರಲ್ಲಿ ನಡೆಸಿದ ವಿಶೇಷ ಚುನಾವಣೆಯಲ್ಲಿ ಬಿದ್ದ ಮತಗಳು ಸುಮಾರು 400. ಹಲವು ಕಾಗದಗಳು ಕಚೇರಿಯಲ್ಲಿಯೇ ಇದ್ದವು, ಓದುವವರು ಇರಲಿಲ್ಲ. ಸುದ್ದಿ ತಿಳಿದ ಮೇಲೆ ಅದೇ ಜನ ಎದ್ದು 2011ರ ಮಾರ್ಚಿನಲ್ಲಿ ಪರಿಷತ್ತನ್ನು ಹಿಂದಕ್ಕೆ ಕರೆಸಿಕೊಂಡರು. ರಿಜೊಗೆ 2014ರಲ್ಲಿ 12 ವರ್ಷದ ಸೆರೆಯಾಯಿತು. ಹೊಸೂರಿನಲ್ಲಿ ಅಂಥದೇನೋ ನಡೆಯುತ್ತಿದೆ ಎಂದು ಸೂಚಿಸಲು ಈ ಮಾತು ಬಂದಿಲ್ಲ. ಆಡಳಿತದ ಭಾಷೆ ಒಂದು, ಬೀದಿಯ ಭಾಷೆ ಇನ್ನೊಂದು ಆದ ಊರುಗಳಲ್ಲಿ ಕತ್ತಲೆ ಹೇಗೆ ತಾನಾಗಿ ಬೆಳೆಯುತ್ತದೆಂಬುದಕ್ಕೆ ಬಂದಿದೆ.

ಈಗ ಆ ಚಿಕ್ಕ ಕಲ್ಲಿನ ಕಡೆಗೆ. ಮಾಹಿತಿ ಹಕ್ಕಿನ 6(1) ವಿಧಿಯ ಪ್ರಕಾರ ಅರ್ಜಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಹೊಸೂರಿನಲ್ಲಿ ಅದು ತಮಿಳು. ಹೊಸೂರಿನ ಸಂತೆಯಲ್ಲಿ ಕೇಳುವ ಮಾತು ತಮಿಳು, ತೆಲುಗು, ಕನ್ನಡ. ಕಾಯ್ದೆ ಒಪ್ಪುವುದು ಇವುಗಳಲ್ಲಿ ಮೊದಲನೆಯದನ್ನು, ಅದರ ಜೊತೆಗೆ ಸಂತೆಯಲ್ಲಿ ಅಪರೂಪವಾದ ಹಿಂದಿಯನ್ನು. ಸಂವಿಧಾನದ 350ನೆಯ ವಿಧಿ ಇನ್ನೊಂದು ಮಾತು ಹೇಳುತ್ತದೆ: ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಬಹುದು. ಎರಡನ್ನೂ ಕೂಡಿಸಿ ಓದಿದರೆ ವಿಚಿತ್ರವಾದ ಚಿತ್ರ ಮೂಡುತ್ತದೆ. ಬೀದಿದೀಪ ಉರಿಯುತ್ತಿಲ್ಲವೆಂದು ಮತ್ತಿಗಿರಿಯ ಹೆಂಗಸೊಬ್ಬಳು ಕನ್ನಡದಲ್ಲಿ ಬರೆಯಬಹುದು. ಆ ದೀಪಕ್ಕೆ ಎಷ್ಟು ಖರ್ಚಾಯಿತೆಂದು ಕನ್ನಡದಲ್ಲಿ ಕೇಳಲು ಅವಳಿಗೆ ಹಕ್ಕಿಲ್ಲ. ಅಳಲಿಗೆ ತಾಯ್ನುಡಿ ಸಲ್ಲುತ್ತದೆ, ಪ್ರಶ್ನೆಗೆ ಸಲ್ಲುವುದಿಲ್ಲ.

ಅದೇ ಕಾಯ್ದೆಯ 4(4) ವಿಧಿಯನ್ನು ಮಾತ್ರ ಹೆಚ್ಚಿನವರು ಗಮನಿಸಿಲ್ಲ. ಕಚೇರಿ ತಾನಾಗಿ ಪ್ರಕಟಿಸುವ ಮಾಹಿತಿಯನ್ನು ಹರಡುವಾಗ ವೆಚ್ಚವನ್ನೂ ‘ಸ್ಥಳೀಯ ಭಾಷೆ’ಯನ್ನೂ ಆ ಪ್ರದೇಶದಲ್ಲಿ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನಿಸಬೇಕೆಂದು ಅದು ಹೇಳುತ್ತದೆ. ಆರನೆಯ ವಿಧಿಯಲ್ಲಿ ‘ಅಧಿಕೃತ ಭಾಷೆ’, ನಾಲ್ಕನೆಯದರಲ್ಲಿ ‘ಸ್ಥಳೀಯ ಭಾಷೆ’. ಶಾಸನ ಬರೆದವರು ಎರಡು ಬೇರೆ ಮಾತುಗಳನ್ನು ಸುಮ್ಮನೆ ಬಳಸಿರಲಾರರು. ಇದರ ಜೊತೆಗೆ, ಒಂದು ತಾಲ್ಲೂಕಿನಲ್ಲಿ ಅಥವಾ ಪುರಸಭೆಯಲ್ಲಿ ಭಾಷಾ ಅಲ್ಪಸಂಖ್ಯಾತರು 15 ಪ್ರತಿಶತವಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂಬ ಒಪ್ಪಂದ 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಕಾಲದಿಂದಲೂ ಇದೆ. ಆದ್ದರಿಂದ ವಾರ್ಡಿನ ಖರ್ಚು, ನಡೆಯುತ್ತಿರುವ ಕಾಮಗಾರಿ, ಗುತ್ತಿಗೆಯ ಮೊತ್ತ, ಸಂಬಳದ ಪಟ್ಟಿ ಇವುಗಳ ಒಂದು ಪುಟದ ಸಾರಾಂಶವನ್ನು ತಮಿಳಿನ ಕೆಳಗೆ ಕನ್ನಡ, ತೆಲುಗುಗಳಲ್ಲಿಯೂ ಬರೆದು ವಾರ್ಡಿನಲ್ಲಿ ಹಚ್ಚಬೇಕೆಂದು ಕೇಳುವುದು ಭಾಷಾಭಿಮಾನದ ಜಗಳವಲ್ಲ. ಕಾಯ್ದೆಯ ಒಳಗಿನ ಬೇಡಿಕೆ. ವರ್ಷಕ್ಕೆ ನಾಲ್ಕು ಸಲ 45 ಪುಟ. ಅನುವಾದದ ವೆಚ್ಚ ಹೆಚ್ಚೆಂದು ಯಾರಾದರೂ ಹೇಳಿದರೆ ಅದರ ಲೆಕ್ಕವನ್ನೂ ಕೇಳಬಹುದು.

ಹೀಗೆ ಕೇಳುವ ಕನ್ನಡಿಗ ಒಮ್ಮೆ ಬೆಳಗಾವಿಯ ಕಡೆಗೂ ತಿರುಗಿ ನೋಡಬೇಕಾಗುತ್ತದೆ. ಅಲ್ಲಿಯ ಮಹಾನಗರ ಪಾಲಿಕೆಯ ಸಭೆಯ ಕಾಗದಪತ್ರಗಳು ಮರಾಠಿಯಲ್ಲಿಯೂ ಬೇಕೆಂದು ಮರಾಠಿ ಸದಸ್ಯರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಗಡಿವಿವಾದದ ರಾಜಕೀಯ ಆ ಬೇಡಿಕೆಗೆ ಅಂಟಿಕೊಂಡು ಅದನ್ನು ಕೆಡಿಸಿದೆ. ಗಡಿಯ ವಿಷಯದಲ್ಲಿ ರಾಜಿಯ ಅಗತ್ಯವಿಲ್ಲ, ಬೆಳಗಾವಿ ಕರ್ನಾಟಕದ್ದೇ. ಆದರೆ ಶಹಾಪುರದ ಮುದುಕನೊಬ್ಬ ತನ್ನ ತೆರಿಗೆ ಎಲ್ಲಿ ಹೋಯಿತೆಂದು ಮರಾಠಿಯಲ್ಲಿ ಓದಬಯಸಿದರೆ ಅದರಿಂದ ಗಡಿ ಒಂದು ಗೇಣೂ ಸರಿಯುವುದಿಲ್ಲ. ಹೊಸೂರಿನಲ್ಲಿ ನ್ಯಾಯವಾದದ್ದು ಬೆಳಗಾವಿಯಲ್ಲಿ ದ್ರೋಹವಾಗಲಾರದು. ಇದನ್ನು ಒಪ್ಪದವರ ಬೇಡಿಕೆಯನ್ನು ಹೊಸೂರಿನಲ್ಲಿ ಯಾರೂ ಗಂಭೀರವಾಗಿ ಕೇಳುವುದಿಲ್ಲ, ಕೇಳಬೇಕಾದದ್ದೂ ಇಲ್ಲ.

ಫಲಕ ಬರುವ ತನಕ ಕೈಕಟ್ಟಿ ಕೂರಬೇಕೆಂದೇನೂ ಅಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗೆ ಸೇರಿದ ಕನ್ನಡ ಮನೆಗಳ ಮಕ್ಕಳು ತಮಿಳು ಓದಬಲ್ಲರು, ಬರೆಯಬಲ್ಲರು. ಆ ಕಾಯ್ದೆಯ ಬಗ್ಗೆ ಗಡಿಯ ಕನ್ನಡ ಶಾಲೆಗಳಿಗೆ ಇರುವ ದುಗುಡ ಸುಳ್ಳಲ್ಲ. ಆದರೂ ಅದು ಅರಿಯದೆಯೇ ಒಂದು ತಲೆಮಾರಿನ ದುಭಾಷಿಗಳನ್ನು ತಯಾರು ಮಾಡಿದೆ: ತಮಿಳು ಕಡತವನ್ನು ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲ ಮೊಮ್ಮಗಳು. ಕನ್ನಡ ವಿಭಾಗಗಳಲ್ಲಿ ಅನುವಾದವನ್ನು ಕಥೆ, ಕವಿತೆಗಳಲ್ಲಿ ಮಾತ್ರ ಅಭ್ಯಾಸ ಮಾಡಿಸುವುದು ವಾಡಿಕೆ. ಒಂದು ರಸ್ತೆಯ ಅಂದಾಜುಪಟ್ಟಿ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಇವನ್ನು ಅನುವಾದಕ್ಕೆ ಕೊಟ್ಟರೆ ಕನ್ನಡಕ್ಕೆ ಒಂದಷ್ಟು ಹೊಸ ಪದಗಳು ದಕ್ಕುತ್ತವೆ; ರಸ್ತೆಯ ದಪ್ಪ ಎಷ್ಟಿರಬೇಕಾಗಿತ್ತೆಂಬುದೂ ತಿಳಿಯುತ್ತದೆ. ‘ಎಂ-ಬುಕ್’ ಎಂದು ಎಂಜಿನಿಯರುಗಳು ಕರೆಯುವ ಆ ಅಳತೆ ಪುಸ್ತಕದಲ್ಲಿರುವ ಉದ್ದ, ಅಗಲ, ದಪ್ಪಗಳ ಮೇಲೆಯೇ ಬಿಲ್ಲು ನಿಂತಿರುತ್ತದೆ. ಅದನ್ನು ನೋಡುವ, ಕಾಮಗಾರಿಯನ್ನು ಪರಿಶೀಲಿಸುವ, ಹಾಕಿದ ಸಾಮಗ್ರಿಯ ಪ್ರಮಾಣಿತ ನಮೂನೆ ಪಡೆಯುವ ಹಕ್ಕನ್ನೂ ಮಾಹಿತಿ ಕಾಯ್ದೆ ಕೊಟ್ಟಿದೆ.

ಮೊದಲ ಪ್ರಶ್ನೆಗೆ ರಸ್ತೆಗಿಂತ ಹತ್ತಿರದ ವಸ್ತುವೊಂದಿದೆ. 1948ರ ಮದ್ರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಯಲ್ಲಿ ರೂಪಾಯಿಗೆ 10 ಪೈಸೆಯಂತೆ ಗ್ರಂಥಾಲಯ ಕರ ಸಂದಾಯವಾಗುತ್ತದೆ. ಪಾಲಿಕೆ ಅದನ್ನು ವಸೂಲು ಮಾಡಿ ಜಿಲ್ಲಾ ಗ್ರಂಥಾಲಯ ಆಡಳಿತಕ್ಕೆ ಕೊಡಬೇಕು. ಹೊಸೂರಿನ ಕನ್ನಡದ ಮನೆಗಳೂ ಈ ಕರವನ್ನು ತೆರುತ್ತವೆ. 2022ರಲ್ಲಿ ತೆರಿಗೆ ಏರಿದಾಗ ಇದೂ ಏರಿತು. ಕಳೆದ ಮೂರು ವರ್ಷಗಳಲ್ಲಿ ಹೊಸೂರು ಪಾಲಿಕೆಯಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಸಂದಾಯವಾದದ್ದು ಎಷ್ಟು, ಕೊಂಡ ಪುಸ್ತಕಗಳಲ್ಲಿ ಕನ್ನಡದವು ಎಷ್ಟು, ತೆಲುಗಿನವು ಎಷ್ಟು? ನಾಲ್ಕು ಸಾಲಿನ ಅರ್ಜಿ, ಮೊದಲೆರಡು ಪ್ರಶ್ನೆ ಪಾಲಿಕೆಗೆ, ಉಳಿದೆರಡು ಗ್ರಂಥಾಲಯಕ್ಕೆ. ತಮಿಳಿನಲ್ಲಿ ಬರೆಯಲು ವಿದ್ಯಾರ್ಥಿನಿಯೊಬ್ಬಳಿಗೆ ಅರ್ಧ ಗಂಟೆ ಸಾಕು. ಉತ್ತರಕ್ಕೆ 30 ದಿನದ ಗಡುವಿದೆ. ಬಂದ ಉತ್ತರವನ್ನು ಮುಂದಿನ ಪ್ರದೇಶ ಸಭೆಯಲ್ಲಿ ಮೂರೂ ಭಾಷೆಗಳಲ್ಲಿ ಗಟ್ಟಿಯಾಗಿ ಓದಬಹುದು. ಅರ್ಜಿಗೆ ಅಂಟಿಸಬೇಕಾದ ನ್ಯಾಯಾಲಯ ಶುಲ್ಕದ ಚೀಟಿಯ ಬೆಲೆ 10 ರೂಪಾಯಿ.